ಗೋಡೆಯ ಮೇಲಿನ ತಂದೆ, ಜೇಬಿನೊಳಗಿನ ತಂದೆ

ಮತ್ತಿಗಿರಿಯಿಂದ ಹೊರಟದ್ದು

ಗಡಿಯಲ್ಲಿ ಬಾಳುವವರಿಗೆ ಪರದೇಶವೆಂದರೆ ಅಂಜಿಕೆ ಇರಬಾರದು. ನನ್ನ ಹೆಂಡತಿಯ ತವರು ಗುಮ್ಮಳಾಪುರದಲ್ಲಿ ಹಗ್ಗ ಬಿಚ್ಚಿಕೊಂಡ ಎಮ್ಮೆ ಮೇಯುತ್ತ ಮೇಯುತ್ತ ಕರ್ನಾಟಕಕ್ಕೆ ಹೋಗಿ, ಯಾವ ಕಾಗದಪತ್ರವೂ ಇಲ್ಲದೆ ಸಂಜೆಗೆ ತಮಿಳುನಾಡಿಗೆ ಮರಳುತ್ತದೆ. ನಾವೂ ಹಾಗೆಯೇ. ಕಚೇರಿಗೆ ಹೋದರೆ ತಮಿಳು, ಸಂತೆಗೆ ಹೋದರೆ ತೆಲುಗು, ಮನೆಗೆ ಬಂದು ಜಗಳವಾಡಲು ಕನ್ನಡ. ಇಷ್ಟೆಲ್ಲ ಪೂರ್ವಸಿದ್ಧತೆ ಇದ್ದರೂ ತುರ್ಕಿ ದೇಶಕ್ಕೆ ಹೋಗಬೇಕೆಂದು ಆಜ್ಞೆಯಾದಾಗ ನನ್ನ ಎದೆ ಡವಗುಟ್ಟಿದ್ದು ನಿಜ.

ಆಜ್ಞೆ ಮಾಡಿದ್ದು ಸರಕಾರವಲ್ಲ, ನನ್ನ ಹೆಂಡತಿ ಪುಟ್ಟಮ್ಮ. ನಮ್ಮ ಕಡೆಯ ಗುಲಾಬಿ ಬೆಳೆಗಾರರ ಒಂದು ತಂಡ ತುರ್ಕಿಯ ಹೂತೋಟಗಳನ್ನು ನೋಡಲು ಹೊರಟಿತ್ತು. ಅದರಲ್ಲಿ ಅವಳ ಇಬ್ಬರು ತಮ್ಮಂದಿರೂ ಇದ್ದರು: ದೊಡ್ಡವನು ಕಿಷ್ಟಪ್ಪ, ಚಿಕ್ಕವನು ನಾಣಿ. ಇಬ್ಬರಿಗೂ ಗುಲಾಬಿ ಬೆಳೆಯುವ ಪಾಲಿಹೌಸ್ ಉಂಟು, ಇಬ್ಬರಿಗೂ ಮೀಸೆ ಉಂಟು, ಇಬ್ಬರ ನಡುವೆ ನಾಲ್ಕು ವರ್ಷದಿಂದ ಮಾತಿಲ್ಲ. ನಾನಾದರೋ ಹೊಸೂರಿನ ಕೋರ್ಟಿನಲ್ಲಿ ಗುಮಾಸ್ತನಾಗಿದ್ದು, ನಿವೃತ್ತನಾಗಿ ಪಕ್ಕದ ಮತ್ತಿಗಿರಿಯಲ್ಲಿ ನೆಲೆಸಿದವನು. ವಾದಿ ಪ್ರತಿವಾದಿಗಳ ನಡುವೆ ನಿಂತು ಸವೆದ ಅನುಭವವನ್ನು ಪುಟ್ಟಮ್ಮ ವ್ಯರ್ಥವಾಗಲು ಬಿಡುವವಳಲ್ಲ.

"ಇಬ್ರೂ ಬಾಯಿಬಿಟ್ಟು ಮಾತಾಡೋ ಹಂಗ್ ಮಾಡ್ಕೊಂಡು ಬರ್ರಿ," ಅಂದಳು. "ಗುಲಾಬಿ ನೋಡಕ್ಕೆ ನೀವ್ ಅಷ್ಟ್ ದೂರ ಹೋಗ್ಬೇಕಾಗಿಲ್ಲ."

ಜಗಳದ ಮೂಲ ನನ್ನ ಮಾವನವರು, ಅಂದರೆ ಇವರ ತಂದೆ. ಬೇಲಿಗೆ ಬೇಲಿ ತಾಗಿದ ಮಾತ್ರಕ್ಕೆ ನ್ಯಾಯ ಕೇಳುತ್ತಿದ್ದ ಜನರನ್ನು ಒಂದೇ ಜಮಖಾನೆಯ ಮೇಲೆ ಕೂರಿಸಿ ಗುಮ್ಮಳಾಪುರದ ಹೂ ಬೆಳೆಗಾರರ ಸಂಘ ಕಟ್ಟಿದವರು ಅವರು. ಕುರ್ಚಿ ತರಿಸಲಿಲ್ಲ, ಕುರ್ಚಿ ಬಂದರೆ ಯಾರು ಕೂರಬೇಕೆಂಬ ಪ್ರಶ್ನೆಯೂ ಬರುತ್ತದೆ ಎನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ ಕುರ್ಚಿಯೂ ಬಂತು, ಪ್ರಶ್ನೆಯೂ ಬಂತು. ಸಂಘಕ್ಕೆ ಹೂವಿಡುವ ಕೋಲ್ಡ್ ರೂಮ್ ಕಟ್ಟಬೇಕೆಂದು ನಾಣಿ, ಕೂಡದೆಂದು ಕಿಷ್ಟಪ್ಪ. ವಾದಕ್ಕೆ ಇಬ್ಬರದೂ ಒಂದೇ ಸಾಕ್ಷಿ: "ಅಪ್ಪ ಯೋಳಿದ್ರು."

ಮುಂದಿನ ತಿಂಗಳು ಸಂಘದ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ. ಇಬ್ಬರೂ ನಿಂತಿದ್ದರು. ಗುಮ್ಮಳಾಪುರದಲ್ಲಿ ಆಗಲೇ ಪೋಸ್ಟರ್ ಬಿದ್ದಿದ್ದವು. ಹಸಿರು ಪೋಸ್ಟರಿನಲ್ಲಿ ಮಾವನವರು ಆಕಾಶದಷ್ಟು, ಕೆಳಗೆ ಕಿಷ್ಟಪ್ಪ ಅಂಚೆಚೀಟಿಯಷ್ಟು. ನೀಲಿ ಪೋಸ್ಟರಿನಲ್ಲಿ ಅದೇ ಮಾವನವರು, ಅದೇ ಫೋಟೋ, ಕೆಳಗೆ ಅಂಚೆಚೀಟಿಯಷ್ಟು ನಾಣಿ. ಇಬ್ಬರ ವಿರುದ್ಧವೂ ಪ್ರಚಾರ ಮಾಡುತ್ತ ಇಬ್ಬರಿಗೂ ಓಟು ಕೇಳುವ ಭಾಗ್ಯ ಬದುಕಿದ್ದವರಿಗೆ ಎಲ್ಲಿ ಬಂದೀತು? ಮಾವನವರಿಗೆ ಬಂತು.

ಇಸ್ತಾಂಬುಲ್

ಹೋಟೆಲಿನವರು ನಮಗೆ ಮೂರು ಮಂಚದ ಕೋಣೆ ಕೊಟ್ಟರು. ಬಲಕ್ಕೆ ಕಿಷ್ಟಪ್ಪ, ಎಡಕ್ಕೆ ನಾಣಿ, ನಡುವಿನ ಮಂಚ ನನ್ನದು. ಗಡಿಯವನಿಗೆ ಅದೇ ಸಹಜ ಸ್ಥಾನ. ಬಲಗಡೆಯಿಂದ "ಭಾವ, ಲೈಟ್ ಆರಿಸಕ್ಕೆ ಯೋಳಿ" ಎಂದು ಬಂದರೆ ಎಡಗಡೆಗೆ ತಿರುಗಿ "ಲೈಟ್ ಆರಿಸಬೇಕಂತೆ" ಎನ್ನುವುದು. ಎಡಗಡೆಯಿಂದ "ನನ್ಗೆ ಇನ್ನೂ ನಿದ್ದೆ ಬಂದಿಲ್ಲ ಅನ್ನಿ ಭಾವ" ಎಂದು ಬಂದರೆ ಬಲಕ್ಕೆ ತಿರುಗಿ ಅದನ್ನು ದಾಖಲಿಸುವುದು. ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡುವ ದುಭಾಷಿ ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು.

ನಮಗೆ ದಾರಿ ತೋರಿಸಲು ಎಲಿಫ್ ಎಂಬ ಹೆಣ್ಣುಮಗಳು ಇದ್ದಳು. ಇಂಗ್ಲಿಷನ್ನು ನಿಧಾನವಾಗಿ, ನಮಗೆ ತಿಳಿಯುವ ಹಾಗೆ ಆಡುತ್ತಿದ್ದಳು. ಮೊದಲ ದಿನ ಅವಳು ನಮ್ಮನ್ನು ಒಂದು ಚಹಾದಂಗಡಿಗೆ ಕರೆದೊಯ್ದಳು. ಹಾಲಿಲ್ಲದ ಚಹಾ, ಸೊಂಟ ಸಣ್ಣಗಿರುವ ಗಾಜಿನ ಲೋಟ. ನಾನು ಕುಡಿದು ಮುಗಿಸಿದ ಕೂಡಲೇ ಮತ್ತೊಂದು ಬಂತು. ಮರ್ಯಾದೆಗೆಂದು ಅದನ್ನೂ ಮುಗಿಸಿದೆ. ಅವರೂ ಮರ್ಯಾದಸ್ಥರು, ಇನ್ನೊಂದು ತಂದರು. ಸಾಕೆನಿಸಿದರೆ ಲೋಟದ ಬಾಯಿಗೆ ಚಮಚ ಅಡ್ಡ ಇಡಬೇಕೆಂಬ ಅಲ್ಲಿನ ಪದ್ಧತಿ ನನಗೆ ತಿಳಿಯುವ ಹೊತ್ತಿಗೆ ಹೊಟ್ಟೆ ಮತ್ತಿಗಿರಿ ಕೆರೆಯಾಗಿತ್ತು.

ಅಂಗಡಿಯ ಗೋಡೆಯ ಮೇಲೆ ಒಂದು ಫೋಟೋ ಇತ್ತು. ಕೋಟು ಹಾಕಿದ, ತೀಕ್ಷ್ಣ ಕಣ್ಣಿನ ಒಬ್ಬ ಯಜಮಾನರು. ನಮ್ಮ ಹೊಸೂರಿನಲ್ಲಿ ಅಂಗಡಿಯ ಗೋಡೆಗೆ ಫೋಟೋ ಹಾಕಿದ್ದರೆ, ಅದು ದೇವರದ್ದಲ್ಲದಿದ್ದರೆ, ಮಾಲೀಕನ ಕಾಲವಾದ ಅಪ್ಪನದು. ಕಿಷ್ಟಪ್ಪ ಅಂಗಡಿಯ ಮುದುಕರ ಕೈ ಹಿಡಿದುಕೊಂಡು, ತಂದೆಯವರು ಹೋಗಿ ಎಷ್ಟು ಕಾಲವಾಯಿತೆಂದು ಎಲಿಫಳ ಮೂಲಕ ವಿಚಾರಿಸಿದ. ಬಹಳ ಕಾಲವಾಯಿತು, ನಾನು ಹುಟ್ಟುವ ಮೊದಲೇ ಹೋದರು ಎಂದು ಮುದುಕರು ಗಂಭೀರವಾಗಿ ಹೇಳಿದರು. ಅಪ್ಪನ ಮುಖವನ್ನೇ ಕಾಣದ ಈ ಅನಾಥನಿಗಾಗಿ ಕಿಷ್ಟಪ್ಪನ ಕಣ್ಣು ಒದ್ದೆಯಾಯಿತು.

ಪಕ್ಕದ ಕ್ಷೌರದಂಗಡಿಯಲ್ಲೂ ಅದೇ ಯಜಮಾನರು. ಅದರ ಪಕ್ಕದ ಮಾಂಸದಂಗಡಿಯಲ್ಲಿ ಅವರೇ. ಬಸ್ಸಿನ ಟಿಕೆಟ್ ಕೊಡುವ ಕಿಟಕಿಯ ಹಿಂದೆಯೂ ಅವರೇ.

"ಏನ್ ಭಾವ ಇದು," ಎಂದು ಕಿಷ್ಟಪ್ಪ ಪಿಸುಗುಟ್ಟಿದ. "ಈ ಯಪ್ಪನ್ಗೆ ಬೀದಿ ತುಂಬಾ ಮಕ್ಕಳು. ಒಬ್ಬರ ಮೇಲ್ ಒಬ್ರು ಕೇಸ್ ಹಾಕ್ಕೊಂಡಂಗೂ ಕಾಣೆ."

ಎಲಿಫ್ ನಗುವನ್ನು ನುಂಗಿಕೊಂಡು ವಿವರಿಸಿದಳು. ಅವರು ಈ ದೇಶವನ್ನು ಕಟ್ಟಿದ ಮುತ್ಸದ್ದಿ, ಜನರೆಲ್ಲ ತಂದೆಯೆಂದೇ ಕರೆಯುವವರು. ಯುದ್ಧದಲ್ಲಿ ಸೋತು ಹಂಚಿಹೋಗುತ್ತಿದ್ದ ನೆಲದಲ್ಲಿ ಸುಲ್ತಾನರನ್ನು ಮನೆಗೆ ಕಳಿಸಿ ಗಣರಾಜ್ಯ ನಿಲ್ಲಿಸಿದವರು. ಜನರ ತಲೆಯ ಮೇಲಿನ ಟೋಪಿ ಬದಲಿಸಿದರು, ಬರೆಯುವ ಲಿಪಿ ಬದಲಿಸಿದರು, ಹೆಂಗಸರ ಕೈಗೆ ಓಟು ಕೊಟ್ಟರು. ಹೊಸ ಅಕ್ಷರ ಕಲಿಸಲು ರಾಷ್ಟ್ರಾಧ್ಯಕ್ಷರು ಸ್ವತಃ ಬಳಪ ಹಿಡಿದು ಕಪ್ಪುಹಲಗೆಯ ಮುಂದೆ ನಿಂತಿದ್ದ ಫೋಟೋ ತೋರಿಸಿದಳು. ಅಧಿಕಾರಿಯೊಬ್ಬ ತನ್ನ ಪೆನ್ನನ್ನು ತಾನೇ ಹುಡುಕಿಕೊಂಡರೆ ಅದನ್ನು ಸರಳತೆಯೆಂದು ಹೊಗಳುವ ಕಚೇರಿಯಲ್ಲಿ ಬಾಳು ಕಳೆದ ನಾನು ಆ ಬಳಪವನ್ನೇ ಬಹಳ ಹೊತ್ತು ನೋಡಿದೆ.

ಇನ್ನೊಂದು ವಿಶೇಷ. ನಮ್ಮ ಕಡೆಯ ನಾಯಕರಿಗೆ ಒಂದೇ ಫೋಟೋ. ಒಮ್ಮೆ ಕೈ ಮುಗಿದು ನಕ್ಕರೆ ಆಮೇಲೆ ಐವತ್ತು ವರ್ಷ ಅದೇ ನಗು. ಇವರಾದರೋ ಒಂದು ಕಡೆ ಕುದುರೆಯ ಮೇಲೆ, ಒಂದು ಕಡೆ ನೀರಿನಲ್ಲಿ ಈಜುತ್ತ, ಒಂದು ಅಂಗಡಿಯಲ್ಲಂತೂ ಉಯ್ಯಾಲೆಯ ಮೇಲೆ ಕೂತಿದ್ದಾರೆ. ರಾಷ್ಟ್ರಪಿತ ಉಯ್ಯಾಲೆಯಾಡಿದರೂ ರಾಷ್ಟ್ರ ಬೀಳಲಿಲ್ಲ ಎಂಬುದು ರಾಜಕೀಯಕ್ಕೆ ಬರುವವರೆಲ್ಲ ಗಮನಿಸಬೇಕಾದ ಸಂಗತಿ.

ಎಲಿಫಳ ಅಪ್ಪ ಒಂದು ಪಕ್ಷ, ಚಿಕ್ಕಪ್ಪ ಅದರ ಎದುರು ಪಕ್ಷವಂತೆ. ಇಬ್ಬರೂ ಆ ಮುತ್ಸದ್ದಿಯ ಮಾತನ್ನೇ ಎತ್ತಿ ಒಬ್ಬರ ಮೇಲೊಬ್ಬರು ಎಸೆಯುತ್ತಾರಂತೆ. ಅವರನ್ನು ಒಪ್ಪದವರೂ ಭಾಷಣ ಶುರುಮಾಡುವಾಗ ಮೊದಲು ಅವರಿಗೊಂದು ನಮಸ್ಕಾರ ಹಾಕಿಯೇ ಮುಂದೆ ಹೋಗಬೇಕು. ಅವಮಾನ ಮಾಡಿದರೆ ಕಾನೂನೂ ಇದೆ ಎಂದು ದನಿ ತಗ್ಗಿಸಿ ಸೇರಿಸಿದಳು. ಮಣ್ಣಾಗಿ ಇಷ್ಟು ಕಾಲವಾದ ಮೇಲೂ ಒಂದು ದೇಶ ಇಂದು ಏನನ್ನು ಕುರಿತು ಜಗಳವಾಡಬೇಕೆಂದು ತಾನೇ ನಿಶ್ಚಯಿಸುವ ಮನುಷ್ಯನನ್ನು ಮೆಚ್ಚದಿರುವುದು ಕಷ್ಟ.

ಬೀದಿ ಸುತ್ತಿ ಮತ್ತೆ ಅದೇ ಚಹಾದಂಗಡಿಗೆ ಬಂದು ಕೂತಾಗ ಮುದುಕರ ಕಣ್ಣು ಕಿಷ್ಟಪ್ಪನ ಜೇಬಿನ ಮೇಲೆ ಬಿತ್ತು. ನಮ್ಮ ಕಡೆ ರಾಜಕೀಯಕ್ಕೆ ಕಾಲಿಟ್ಟವರು ತೆಳ್ಳನೆಯ ಬಿಳಿ ಅಂಗಿ ಹಾಕುತ್ತಾರೆ. ಜೇಬಿನೊಳಗೆ ತಲೈವರ, ಅಂದರೆ ನಾಯಕರ, ಫೋಟೋ ಇಟ್ಟರೆ ಹೊರಗಿನಿಂದ ಮುಖ ಕಾಣಬೇಕು, ಅದು ಶಾಸ್ತ್ರ. ಕಿಷ್ಟಪ್ಪನ ಜೇಬಿನಲ್ಲಿ ಮಾವನವರಿದ್ದರು. ಇವರು ನಿಮ್ಮ ದೇಶ ಕಟ್ಟಿದವರೋ ಎಂದು ಮುದುಕರು ಕೇಳಿಸಿದರು. ದೇಶವಲ್ಲ, ಸಂಘ ಎಂದು ನಾನು ತಿದ್ದುವ ಮೊದಲೇ ಕಿಷ್ಟಪ್ಪ ಹೌದೆಂದು ತಲೆಯಾಡಿಸಿದ. ಕೂಡಲೇ ಮೇಜಿನ ಆ ತುದಿಯಿಂದ ನಾಣಿ ತನ್ನ ಕೋಟಿನ ಗುಂಡಿ ಬಿಚ್ಚಿ ಎದೆ ಮುಂದೆ ಮಾಡಿದ. ಅಲ್ಲಿಯೂ ಮಾವನವರು.

ಮುದುಕರು ಬಹಳ ಸಂತೋಷಪಟ್ಟರು. ನೀವಿಬ್ಬರೂ ಒಂದೇ ಪಕ್ಷ ಹಾಗಾದರೆ ಎಂದರು. ಎಲಿಫ್ ಅದನ್ನು ಅನುವಾದಿಸಿದಳು. ನನಗೆ ಅನುವಾದಿಸುವ ಕೆಲಸವಿರಲಿಲ್ಲ. ಲೋಟದ ಮೇಲೆ ಚಮಚ ಅಡ್ಡ ಇಟ್ಟೆ.

ಅಂತಾಲ್ಯದ ಹೂತೋಟ

ಅಂತಾಲ್ಯ ಸಮುದ್ರದ ಪಕ್ಕದ ಊರು. ಅಲ್ಲಿ ನಾವು ಹೋದ ತೋಟದ ಯಜಮಾನಿ ಮೆರಾಲ್ ಎಂಬ ಗಟ್ಟಿಮುಟ್ಟಾದ ಹೆಂಗಸು. ಗಂಡ ತೀರಿಕೊಂಡ ಮೇಲೆ ತಾನೇ ತೋಟ ನೋಡಿಕೊಂಡವಳು. ಅವಳ ಪಾಲಿಹೌಸುಗಳಲ್ಲಿ ಕಾರ್ನೇಷನ್ ಹೂ ಶಾಲೆಯ ಮಕ್ಕಳ ಹಾಗೆ ಸಾಲುಗಟ್ಟಿ ನಿಂತಿದ್ದವು. ನಮ್ಮವರು ಗಿಡ ಮುಟ್ಟಿ, ಮಣ್ಣು ಮೂಸಿ, ಎಲ್ಲವೂ ನಮ್ಮಲ್ಲೂ ಇದೆ ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡರು. ಕೋಲ್ಡ್ ರೂಮ್ ನೋಡಿದಾಗ ಮಾತ್ರ ನಾಣಿ ಗೆದ್ದವನಂತೆ ಗಾಳಿಯೆಳೆದುಕೊಂಡ. ಕಿಷ್ಟಪ್ಪ ಚಳಿಯೆಂದು ಹೊರಗೆ ಬಂದುಬಿಟ್ಟ.

ಹೂ ಕಟ್ಟು ಹಾಕುವ ಕೊಟ್ಟಿಗೆಯ ಗೋಡೆಯ ಮೇಲೂ ಆ ಮುತ್ಸದ್ದಿಯ ಫೋಟೋ ಇತ್ತು. ಮರುದಿನ ಅವರು ಕಾಲವಾದ ದಿನ ಎಂದು ಎಲಿಫ್ ಹೇಳಿದ್ದಳು. ಅದನ್ನು ಕೇಳಿದ ನಾಣಿ ಸುಮ್ಮನಿರಲಾರದೆ ಹೋದ. ತಿಥಿಯ ಹಿಂದಿನ ದಿನ ಫೋಟೋ ಬೋಳಾಗಿರುವುದು ನಮ್ಮ ಕಣ್ಣು ಸಹಿಸದು. ಕೆಳಗೆ ಬಿದ್ದಿದ್ದ ಕಾರ್ನೇಷನ್ ಹೆಕ್ಕಿ, ಚೀಲದಿಂದ ದಾರ ತೆಗೆದು, ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮಾರುದ್ದದ ಹಾರ ಕಟ್ಟಿದ. ಫೋಟೋಗೆ ಹಾಕಿದ. ಅಷ್ಟಕ್ಕೆ ನಿಂತಿದ್ದರೆ ಇದು ಪ್ರವಾಸ ಕಥನದಲ್ಲಿ ಒಂದು ಸಾಲಾಗುತ್ತಿತ್ತು. ಹೆಂಡತಿ ಕಟ್ಟಿಕೊಟ್ಟಿದ್ದ ಪೊಟ್ಟಣ ಬಿಚ್ಚಿ ದೇಶ ಕಟ್ಟಿದ ಮಹಾಪುರುಷನ ಹಣೆಗೆ, ಗಾಜಿನ ಮೇಲೆ, ದುಂಡಗೆ ಕುಂಕುಮವಿಟ್ಟ. ಊದುಬತ್ತಿಯನ್ನೂ ಹಚ್ಚಿದ.

ಕೊಟ್ಟಿಗೆಯಲ್ಲಿ ಹೂ ಕತ್ತರಿಸುತ್ತಿದ್ದ ಕೈಗಳು ನಿಂತವು. ಎಲಿಫಳ ಮುಖ ಬಿಳುಪೇರಿತು. ನನಗೆ ಕಾನೂನಿನ ಮಾತು ನೆನಪಾಗಿ, ಪರದೇಶದಲ್ಲಿ ಜಾಮೀನಿಗೆ ಯಾರನ್ನು ಹಿಡಿಯುವುದೆಂದು ಯೋಚಿಸತೊಡಗಿದೆ. ಕಿಷ್ಟಪ್ಪ ಮಾತ್ರ ನಾಲ್ಕು ವರ್ಷದ ಮೌನವನ್ನು ಮುರಿಯದೆಯೇ ತಮ್ಮನನ್ನು ಬೈಯುವ ಉಪಾಯ ಕಂಡುಕೊಂಡ. "ಭಾವ, ಕಂಡೋರ ಮನೆ ಫೋಟೋಗೆ ಕುಂಕ್ಮ ಇಡೋ ಮುಂಡೇಗಂಡನ್ನ ಇಲ್ಲೇ ಬಿಟ್ಬುಟ್ಟು ಹೋಗಾನ ಅನ್ನಿ."

ಮೆರಾಲ್ ಬಂದಳು. ಫೋಟೋದ ಮುಂದೆ ನಿಂತು ಒಂದಷ್ಟು ಹೊತ್ತು ನೋಡಿದಳು. ಊದುಬತ್ತಿ ಕಿತ್ತು ಮಣ್ಣಿನಲ್ಲಿ ಒತ್ತಿ ಆರಿಸಿದಳು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಅದರ ತುದಿಯಿಂದ ಕುಂಕುಮ ಒರೆಸಿದಳು. ಹಾರವನ್ನು ಮುಟ್ಟಲಿಲ್ಲ. ಆಮೇಲೆ ನಾಣಿಯ ಕೈ ನೋಡಿ ಇಷ್ಟು ಬೇಗ ಹೂ ಕಟ್ಟುವುದನ್ನು ನಮ್ಮವರಿಗೂ ಕಲಿಸಿ ಎಂದಳು. ಕೊಟ್ಟಿಗೆ ಮತ್ತೆ ಉಸಿರಾಡಿತು.

ಊಟದ ಹೊತ್ತಿನಲ್ಲಿ ಅವಳು ಎಲಿಫಳ ಮೂಲಕ ವಿಷಯ ತಿಳಿಸಿದಳು. ಸತ್ತವರ ಗೋರಿಗಳಿಗೆ ಹೋಗಿ ಹರಕೆ ಕಟ್ಟಬೇಡಿ, ನಿಮ್ಮ ಬುದ್ಧಿಯನ್ನು ನಂಬಿ ಎಂದು ಹೇಳಿ ಹರಕೆಯ ಗೋರಿಗಳ ಬಾಗಿಲು ಮುಚ್ಚಿಸಿದ ಮನುಷ್ಯ ಅವರು. ಅವರಿಗೇ ಊದುಬತ್ತಿ ಹಚ್ಚಿದರೆ ಎದ್ದು ಬಂದು ತಾವೇ ಆರಿಸಿಯಾರು. ಅವಳ ಅಜ್ಜಿ ಅವರ ಕಾನೂನಿನಿಂದಾಗಿಯೇ ಹಳ್ಳಿಯ ಪಂಚಾಯಿತಿಯಲ್ಲಿ ಗಂಡಸರ ನಡುವೆ ಕೂತಿದ್ದಳಂತೆ. ಹಾಗೆ ಕೂತವಳು ಅವರದೇ ಇನ್ನೊಂದು ಕಾನೂನನ್ನು ಒಪ್ಪದೆ ಸಾಯುವವರೆಗೂ ಬೈಯುತ್ತಿದ್ದಳಂತೆ.

ಅವರು ಇಂದು ಇದ್ದಿದ್ದರೆ ಏನು ಹೇಳುತ್ತಿದ್ದರು ಎಂದು ನಿಮ್ಮಲ್ಲೂ ಕೇಳುತ್ತಾರೆಯೇ ಎಂದು ನಾನು ವಿಚಾರಿಸಿದೆ. ಬೆಳಗಿನಿಂದ ಸಂಜೆಯವರೆಗೆ ಅದೇ ಕೆಲಸ ಎಂದು ಮೆರಾಲ್ ನಕ್ಕಳು. ಹತ್ತು ಜನ ಕೇಳಿದರೆ ಅವರು ಹತ್ತು ಉತ್ತರ ಕೊಡುತ್ತಾರೆ, ಏಕೆಂದರೆ ಬದುಕಿದ್ದಾಗಲೂ ವರ್ಷಕ್ಕೊಂದು ಮಾತು ಹೇಳಿದವರೇ. ಕಾಲ ನೋಡಿ ಮನಸ್ಸು ಬದಲಿಸುತ್ತಿದ್ದರು. ಆಮೇಲೆ ಅವಳು ಹೇಳಿದ ಒಂದು ಮಾತನ್ನು ಎಲಿಫ್ ಎರಡು ಸಲ ಬಿಡಿಸಿ ಹೇಳಿದಳು: ಅವರನ್ನು ದೇವರು ಮಾಡಿಬಿಟ್ಟರೆ ಅವರ ಜೊತೆ ಜಗಳವಾಡಲು ಆಗುವುದಿಲ್ಲ. ನಮಗೆ ಅವರ ಜೊತೆ ಜಗಳವಾಡುವುದು ಬೇಕು.

ಮೇಜಿನ ಎರಡು ತುದಿಗಳಲ್ಲಿ ಕೂತಿದ್ದ ನನ್ನ ಭಾವಮೈದುನರು ರೊಟ್ಟಿಯನ್ನು ಮುರಿಯುತ್ತ ಕೂತರು, ಇಬ್ಬರೂ ತಿನ್ನಲಿಲ್ಲ.

ಆ ರಾತ್ರಿ ಅಲ್ಲಿನ ಹೋಟೆಲಿನಲ್ಲೂ ಬಲಗಡೆಯ ಮಂಚದಿಂದ ಕಿಷ್ಟಪ್ಪನ ಪ್ರಶ್ನೆ ಬಂತು. "ಭಾವ, ನೀವ್ ಅಪ್ಪನ್ ಜೊತೆ ಕಡೇಗಂಟ ಇದ್ರಿ. ನಿಜ ಯೋಳಿ. ಕೋಲ್ಡ್ ರೂಮ್ ಬ್ಯಾಡ ಅಂದಿದ್ರೋ ಇಲ್ವೋ."

"ಅಂದಿದ್ದರು," ಎಂದೆ.

ಎಡಗಡೆಯ ಮಂಚ ಕಿರುಗುಟ್ಟಿತು.

"ಬೇಕು ಅಂತಲೂ ಅಂದಿದ್ದರು," ಎಂದೆ. "ಕರೆಂಟು ಸರಿಯಿಲ್ಲದ ಕಾಲದಲ್ಲಿ ಬೇಡ ಅಂದರು. ಕರೆಂಟು ಬಂದ ಮೇಲೆ ಬೇಕು ಅಂದರು. ಕೊನೆಗೆ ಕೇಳಿದಾಗ, ನನ್ನ ಯಾಕಯ್ಯ ಕೇಳ್ತೀಯ, ಹೂ ಬೆಳೆಯೋರನ್ನ ಕೇಳು ಅಂದರು."

ಎಡಗಡೆಯವನು ತಾನೇ ಎದ್ದು ಲೈಟ್ ಆರಿಸಿದ. ನಡುವಿನ ಮಂಚ ಪ್ರವಾಸದಲ್ಲೇ ಮೊದಲ ಬಾರಿಗೆ ನಿರುದ್ಯೋಗಿಯಾಯಿತು.

ಬೆಟ್ಟದ ದಾರಿಯ ಪೇಟೆ

ಮರುದಿನ ಬೆಳಿಗ್ಗೆ ಗುಲಾಬಿ ಎಣ್ಣೆ ಭಟ್ಟಿ ಇಳಿಸುವ ಒಂದು ಬೆಟ್ಟದ ಊರಿಗೆ ಬಸ್ಸಿನಲ್ಲಿ ಹೊರಟೆವು. ಹೂವಿನ ಕಾಲವಲ್ಲದ್ದರಿಂದ ಅಲ್ಲಿ ಖಾಲಿ ಹಂಡೆಗಳನ್ನು ಮಾತ್ರ ನೋಡಬಹುದೆಂದು ಎಲಿಫ್ ಎಚ್ಚರಿಸಿದ್ದಳು. ಮೇಲೇರಿದಂತೆಲ್ಲ ಚಳಿ ಹೆಚ್ಚಿತು. ಕಿಷ್ಟಪ್ಪ ಮಂಕಿ ಕ್ಯಾಪ್ ಹಾಕಿಕೊಂಡ.

ದಾರಿಯಲ್ಲಿ ಒಂದು ಸಣ್ಣ ಪೇಟೆ. ಬಸ್ಸು ಅದರ ನಡುವೆ ಹೋಗುತ್ತಿದ್ದಾಗ ಇದ್ದಕ್ಕಿದ್ದಂತೆ ಸೈರನ್ ಕೂಗಿತು. ನಮ್ಮ ಚಾಲಕ ಬಸ್ಸನ್ನು ನಡುರಸ್ತೆಯಲ್ಲೇ ನಿಲ್ಲಿಸಿ ಇಳಿದ. ಮುಂದಿನ ಲಾರಿಯವನು ಇಳಿದ. ಕಾರುಗಳ ಬಾಗಿಲು ತೆರೆದವು, ಹಾರ್ನುಗಳು ಸೈರನ್ನಿನ ಜೊತೆ ಸೇರಿದವು. ತರಕಾರಿ ತೂಗುತ್ತಿದ್ದವನು ತಕ್ಕಡಿ ಬಿಟ್ಟು ನೆಟ್ಟಗೆ ನಿಂತ. ಅರ್ಧ ಮುಖ ಕ್ಷೌರವಾಗಿದ್ದ ಒಬ್ಬ ಕೊರಳಿಗೆ ಬಟ್ಟೆ ಕಟ್ಟಿಕೊಂಡೇ ಅಂಗಡಿಯ ಬಾಗಿಲಿಗೆ ಬಂದು ನಿಂತ. ಆ ಮುತ್ಸದ್ದಿ ಕಣ್ಣು ಮುಚ್ಚಿದ ಗಳಿಗೆ ಅದು. ಪ್ರತಿ ವರ್ಷ ಆ ಗಳಿಗೆಯಲ್ಲಿ ದೇಶಕ್ಕೆ ದೇಶವೇ ಹೀಗೆ ನಿಲ್ಲುತ್ತದಂತೆ.

ನಮ್ಮ ಕಡೆಯೂ ನಾಯಕರಿಗಾಗಿ ರಸ್ತೆ ನಿಲ್ಲುತ್ತದೆ. ಅದು ಅವರು ಬದುಕಿದ್ದು, ಆ ದಾರಿಯಲ್ಲಿ ಬರುತ್ತಿರುವಾಗ. ಪೊಲೀಸರು ಲಾಠಿ ಹಿಡಿದು ನಿಲ್ಲಿಸುತ್ತಾರೆ. ಇಲ್ಲಿ ಒಬ್ಬ ಪೊಲೀಸನಿದ್ದ. ಅವನೂ ನಿಂತಿದ್ದ, ಟೋಪಿ ಕಂಕುಳಲ್ಲಿಟ್ಟುಕೊಂಡು. ಭಾಷಣವಿಲ್ಲ, ಹಾರವಿಲ್ಲ, ಎಲ್ಲರೂ ಸುಮ್ಮನೆ ನಿಂತಿದ್ದರು. ಆ ನಿಂತವರಲ್ಲಿ ಎಷ್ಟು ಪಕ್ಷವಿತ್ತೋ ಯಾರು ಬಲ್ಲರು.

ನಾವೂ ಇಳಿದಿದ್ದೆವು. ಪಕ್ಕಕ್ಕೆ ತಿರುಗಿ ನೋಡಿದರೆ ಕಿಷ್ಟಪ್ಪ ಬೂಟು, ಕಾಲುಚೀಲ ಎಲ್ಲ ಕಳಚಿ ಬರಿಗಾಲಲ್ಲಿ ನಿಂತಿದ್ದಾನೆ. ಹೋದವರ ಮುಂದೆ ಮೆಟ್ಟು ಹಾಕಿಕೊಂಡು ನಿಲ್ಲುವುದುಂಟೇ? ಬಸ್ಸಿನ ಇನ್ನೊಂದು ಬಾಗಿಲಿನಿಂದ ಇಳಿದಿದ್ದ ನಾಣಿಯೂ ಬರಿಗಾಲಲ್ಲಿ ಬಂದು, ಜಾಗವಿಲ್ಲದೆ, ಅಣ್ಣನ ಪಕ್ಕದಲ್ಲೇ ನಿಂತ. ಹಿಮದಂಥ ಟಾರಿನ ಮೇಲೆ ನಾಲ್ಕು ಬರಿಗಾಲು. ತುರ್ಕಿಯವರು ಕಣ್ಣಿನ ಅಂಚಿನಿಂದ ನೋಡಿದರು. ಯಾರೂ ನಗಲಿಲ್ಲ.

ಸೈರನ್ ನಿಂತಿತು. ಬಾಗಿಲುಗಳು ಮುಚ್ಚಿದವು, ತಕ್ಕಡಿ ಮೇಲೆದ್ದಿತು, ಅರ್ಧ ಮುಖದವನು ಒಳಗೆ ಹೋದ. ಇವರಿಬ್ಬರು ಬಸ್ಸಿನ ಮೆಟ್ಟಿಲ ಮೇಲೆ ಒಬ್ಬರ ಪಕ್ಕ ಒಬ್ಬರು ಕೂತು ಪಾದ ಉಜ್ಜಿಕೊಳ್ಳತೊಡಗಿದರು. ನಾನು ಹಿಂದೆ ನಿಂತಿದ್ದೆ. ಮೆಟ್ಟಿಲು ಖಾಲಿಯಾಗದೆ ಹತ್ತುವ ಹಾಗಿರಲಿಲ್ಲ.

ಕಿಷ್ಟಪ್ಪ ಜೇಬಿನಿಂದ ಮಾವನವರ ಫೋಟೋ ತೆಗೆದು ನೋಡಿದ. ಒಳಜೇಬಿಗೆ, ಯಾರಿಗೂ ಕಾಣದ ಕಡೆ, ಇಟ್ಟುಕೊಂಡ. ನಾನು ದುಭಾಷಿಯಾಗಿ ಬಾಯಿ ತೆರೆಯಲು ಸಿದ್ಧನಾದೆ. ಅವನು ನನ್ನ ಕಡೆ ನೋಡಲೇ ಇಲ್ಲ.

"ಪೋಸ್ಟರ್ನಾಗೆ ಅಪ್ಪನ್ನ ತೆಗೆದ್ಬುಡ್ತೀನಿ," ಅಂದ, ರಸ್ತೆಗೆ ಹೇಳಿದಂತೆ. "ಅವ್ರ ಪಾಡಿಗೆ ಅವ್ರು ಇರ್ಲಿ. ನೀನೂ ತೆಗಿ. ಕೋಲ್ಡ್ ರೂಮ್ ವಿಸ್ಯ ನಾವಿಬ್ರೇ ಹೊಡೆದಾಡಾನ, ಜನ ನೋಡ್ಲಿ, ಯಾರ್ಗೆ ಬೇಕೋ ಹಾಕ್ಲಿ."

ನಾಣಿ ಕಾಲುಚೀಲ ಕೈಯಲ್ಲಿ ಹಿಡಿದುಕೊಂಡೇ ಯೋಚಿಸಿದ. ತಾನೂ ತನ್ನ ಜೇಬಿನ ಫೋಟೋ ತೆಗೆದು ಒಳಗಿಟ್ಟುಕೊಂಡ.

"ಆಯ್ತು. ನನ್ ಮೊಕನೇ ದೊಡ್ಡದಾಗಿ ಹಾಕ್ಸ್ತೀನಿ," ಅಂದ.

ಕಿಷ್ಟಪ್ಪ ಮಂಕಿ ಕ್ಯಾಪ್ ಸರಿಸಿ, ಸಂತೆಯಲ್ಲಿ ಹೋರಿ ನೋಡುವವನಂತೆ ತಮ್ಮನ ಮುಖವನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದ.

"ಈ ಮೊಕಕ್ಕೆ ಯಾವನ್ಲಾ ಓಟ್ ಹಾಕ್ತಾನೆ."

"ನಿಂದೂ ಇದೇ ಮೊಕ ಅಲ್ವಾ ಅಣ್ಣ," ಅಂದ ನಾಣಿ. "ಇಬ್ರುದೂ ಅಪ್ಪನ್ ಮೊಕನೇ."

ನಿಜ. ಅದೇ ಅಗಲ ಮೂಗು, ಅದೇ ಒಂದು ಕಡೆ ಮೇಲೆದ್ದ ಹುಬ್ಬು. ಇಷ್ಟು ವರ್ಷ ಇಬ್ಬರ ನಡುವೆ ಮಲಗಿ, ಕೂತು, ಮಾತು ಸಾಗಿಸಿದ ನಾನು ಅದನ್ನು ಕಂಡಿರಲಿಲ್ಲ. ಚಾಲಕ ಹಾರ್ನ್ ಒತ್ತಿದ. ನಾಲ್ಕು ವರ್ಷದ ಮೇಲೆ ಬಂದ ಆ "ಅಣ್ಣ"ನನ್ನು ಕೇಳಿಸಿಕೊಂಡ ಕಿಷ್ಟಪ್ಪ ಬೂಟಿಗೆ ಕಾಲು ತೂರಿಸಿದ. ಲೇಸು ಕಟ್ಟುವವನಂತೆ ಕಾಲಿನ ಕಡೆ ಬಗ್ಗಿದ. ಚಾಲಕ ಮತ್ತೊಮ್ಮೆ ಹಾರ್ನ್ ಒತ್ತಿದರೂ ತಲೆಯೆತ್ತಲಿಲ್ಲ. ಅವನು ಹಾಕಿಕೊಂಡಿದ್ದುದು ಲೇಸೇ ಇಲ್ಲದ ಬೂಟು.